ಗಾಡಿ ನೋಡಿದ್ದಕ್ಕೂ ಕೂಲಿ ಕೊಡೋಣ

ಎಕ್ಸಲೇಟರ್ ಮೇಲೆ ಕಾಲಿಲ್ಲ. ಗೇರು ನ್ಯೂಟ್ರಲ್‌ನಲ್ಲಿದೆ. ಆದರೂ ಯಾರೋ ಒತ್ತಿ ಹಿಡಿದ ಹಾಗೆ ಗಾಡಿ ಒಂದೇ ಸಮನೆ ಅರಚುತ್ತದೆ. ಹಳೇ ಪಿಕಪ್ ಇಟ್ಟುಕೊಂಡವರಿಗೆ ಈ ಸದ್ದು ಗೊತ್ತು. ಡ್ರೈವರ್‌ಗಳು ಇದನ್ನು 'ಗಾಡಿ ತಾನೇ ರೇಸ್ ಆಗ್ತಾ ಇದೆ' ಅನ್ನುತ್ತಾರೆ. ಗ್ಯಾರೇಜಿನಲ್ಲಿ 'ಐಡಲ್ ಜಾಸ್ತಿ ಆಗಿದೆ' ಅನ್ನುತ್ತಾರೆ.

ಹೋದ ಟೊಮೆಟೊ ಸೀಸನ್‌ನಲ್ಲಿ ನಮ್ಮ ಗುಂಪಿನ ಒಬ್ಬನ ಮನೆಯ ಪಿಕಪ್‌ಗೆ ಇದೇ ಕಾಯಿಲೆ ಬಂತು. ಅವನ ಅಪ್ಪನೇ ಡ್ರೈವರ್, ಅಪ್ಪನೇ ಓನರ್. ಸ್ವಂತ ತೋಟದ್ದೂ ಅಕ್ಕಪಕ್ಕದವರದ್ದೂ ಸೇರಿಸಿ ಸಂಜೆ ಕ್ರೇಟು ತುಂಬಿಕೊಂಡು ಕೋಲಾರದ ಎಪಿಎಂಸಿಗೆ ಹೋಗುವ ಗಾಡಿ ಅದು. ಆ ಸೀಸನ್ನಿನ ಮನೆ ಖರ್ಚು, ತಂಗಿಯ ಕಾಲೇಜು ಫೀಸು ಎಲ್ಲವೂ ಅದರ ಬಾಡಿಗೆಯಲ್ಲೇ ನಡೆಯಬೇಕಿತ್ತು.

ಮೊದಲನೇ ಗ್ಯಾರೇಜಿನಲ್ಲಿ ಡೀಸೆಲ್ ಫಿಲ್ಟರ್ ಬದಲಾಯಿಸಿ, ಐಡಲ್ ಸ್ಕ್ರೂ ತಿರುಗಿಸಿ ಕಳಿಸಿದರು. ಮಾರನೇ ದಿನ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಿ ಆಗಿ ನಿಂತುಹೋಯಿತು. ಎರಡನೇ ಗ್ಯಾರೇಜಿನಲ್ಲಿ ಸ್ಕ್ರೂ ವಾಪಸ್ ತಿರುಗಿಸಿ, ನಾಜಲ್ ಸರ್ವಿಸ್ ಮಾಡಿಸಿದರು. ಎರಡು ದಿನ ಆದಮೇಲೆ ಮತ್ತೆ ಅದೇ ರೇಸು. ಮೂರನೇ ಕಡೆ 'ಪಂಪ್ ಹೋಗಿದೆ' ಅಂದರು. ಪಂಪ್ ಬಿಚ್ಚಿ ಟೌನಿಗೆ ಕಳಿಸಿ ನಾಲ್ಕು ದಿನ ಗಾಡಿ ನಿಲ್ಲಿಸಿದರು. ಆ ನಾಲ್ಕು ದಿನ ಕ್ರೇಟು ಸಾಗಿಸೋಕೆ ಬೇರೆಯವರ ಗಾಡಿಗೆ ಬಾಡಿಗೆ ಕೊಟ್ಟಿದ್ದಾಯಿತು. ಎಲ್ಲಾ ಸೇರಿ 14,000 ರೂಪಾಯಿ ದಾಟಿತು. ವಾರ ಕಳೆಯುವಷ್ಟರಲ್ಲಿ ಗಾಡಿ ಮತ್ತೆ ಅರಚತೊಡಗಿತು.

ಕೊನೆಗೆ ಸರಿಹೋಗಿದ್ದು 450 ರೂಪಾಯಿಯ ಒಂದು ಎಕ್ಸಲೇಟರ್ ಕೇಬಲ್‌ನಿಂದ.

ಆ ಗ್ಯಾರೇಜಿನವರನ್ನು ಬೈಯೋಕೆ ನಾವು ಇದನ್ನು ಬರೆಯುತ್ತಿಲ್ಲ. ಅವರನ್ನು ಹಾಗೆ ಮಾಡಿಸಿದ್ದರಲ್ಲಿ ನಮ್ಮ ಪಾಲೂ ಇದೆ ಅಂತ ಅನ್ನಿಸಿದ್ದಕ್ಕೆ ಬರೆಯುತ್ತಿದ್ದೇವೆ. ಪಾರ್ಟ್ ಬದಲಾಯಿಸಿದರೆ ನಾವು ದುಡ್ಡು ಕೊಡುತ್ತೇವೆ. ಕಾಯಿಲೆ ಏನು ಅಂತ ಹುಡುಕಿದ್ದಕ್ಕೆ ಕೊಡುವುದಿಲ್ಲ. ಅದು ಹೇಗೆ ಅಂತ ಹೇಳುವ ಮೊದಲು, ಗಾಡಿಗೆ ಆಗಿದ್ದೇನು ಅಂತ ನೋಡೋಣ. ನಿಮ್ಮ ಮನೆ ಗಾಡಿಗೂ ಉಪಯೋಗಕ್ಕೆ ಬರಬಹುದು.

ಐಡಲ್ ಅಂದರೆ ಏನು?

ಎಕ್ಸಲೇಟರ್ ಒತ್ತದೆ ಇದ್ದಾಗಲೂ ಎಂಜಿನ್ ನಿಲ್ಲದ ಹಾಗೆ ತಿರುಗುವ ಕಡಿಮೆ ವೇಗವೇ ಐಡಲ್. ಹಳೇ ಡೀಸೆಲ್ ಪಿಕಪ್‌ಗಳಲ್ಲಿ, ಎಂಜಿನ್ ಬಿಸಿಯಾದಮೇಲೆ, ಇದು ಸಾಮಾನ್ಯವಾಗಿ ನಿಮಿಷಕ್ಕೆ 700ರಿಂದ 900 ಸುತ್ತು. ನಿಮ್ಮ ಗಾಡಿಗೆ ಎಷ್ಟಿರಬೇಕು ಅನ್ನುವುದು ಅದರ ಜೊತೆ ಬಂದ ಪುಸ್ತಕದಲ್ಲಿರುತ್ತದೆ.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಫೋನಿನಲ್ಲಿ 'ಪಿಕಪ್ ಐಡಲ್ ಜಾಸ್ತಿ' ಅಂತ ಹುಡುಕಿದರೆ ಅಮೆರಿಕದ ಪೆಟ್ರೋಲ್ ಗಾಡಿಗಳ ವಿಡಿಯೋ ಸಾಲುಸಾಲಾಗಿ ಬರುತ್ತವೆ. ಎಲ್ಲೋ ಗಾಳಿ ಸೋರುತ್ತಿದೆ, ಪೈಪ್ ನೋಡಿ, ಥ್ರಾಟಲ್ ತೊಳೆಯಿರಿ ಅಂತ ಹೇಳುತ್ತಾರೆ. ಪೆಟ್ರೋಲ್ ಗಾಡಿಗೆ ಅದು ಸರಿಯಾದ ಮಾತೇ. ಪೆಟ್ರೋಲ್ ಎಂಜಿನ್ನಿನ ವೇಗ ಒಳಗೆ ಹೋಗುವ ಗಾಳಿಯನ್ನು ತಡೆದು ಬಿಡುವುದರ ಮೇಲೆ ನಿಂತಿದೆ. ನಮ್ಮ ಹಳೇ ಡೀಸೆಲ್ ಎಂಜಿನ್ ಹಾಗಲ್ಲ. ಅದು ಗಾಳಿಯನ್ನು ಎಷ್ಟು ಬೇಕೋ ಅಷ್ಟು ಎಳೆದುಕೊಳ್ಳುತ್ತದೆ. ವೇಗ ಹೆಚ್ಚೋ ಕಡಿಮೆಯೋ ಅನ್ನುವುದನ್ನು ಪಂಪ್ ಎಷ್ಟು ಡೀಸೆಲ್ ಕಳಿಸುತ್ತದೆ ಅನ್ನುವುದೇ ತೀರ್ಮಾನಿಸುತ್ತದೆ. ಆದ್ದರಿಂದ ಹಳೇ ಡೀಸೆಲ್ ಗಾಡಿ ತಾನೇ ರೇಸ್ ಆಗುತ್ತಿದ್ದರೆ ಕೇಳಬೇಕಾದ ಮೊದಲ ಪ್ರಶ್ನೆ ಇದು: ಡೀಸೆಲ್ ಜಾಸ್ತಿ ಕಳಿಸು ಅಂತ ಪಂಪಿಗೆ ಹೇಳುತ್ತಿರುವವರು ಯಾರು?

'ಸ್ವಲ್ಪ ರೇಸ್ ಆದರೆ ಏನಾಯ್ತು, ಓಡ್ತಾ ಇದೆಯಲ್ಲ' ಅನ್ನುವವರಿದ್ದಾರೆ. ಆಗುವುದು ಬಹಳ ಇದೆ. ಮಾರ್ಕೆಟ್ ಗೇಟಿನ ಸಾಲಿನಲ್ಲಿ ಗಂಟೆಗಟ್ಟಲೆ ನಿಂತಾಗ ಡೀಸೆಲ್ ಸುಮ್ಮನೆ ಸುಡುತ್ತದೆ. ಗೇರು ಹಾಕುವಾಗ ಕರಕರ ಅನ್ನುತ್ತದೆ. ಮುಂದಿನ ಗಾಡಿಗೆ ಗುದ್ದದ ಹಾಗೆ ಕ್ಲಚ್ಚು ಬ್ರೇಕು ಒತ್ತಿ ಒತ್ತಿ ಎರಡೂ ಸವೆಯುತ್ತವೆ. ಲೋಡ್ ಹಾಕಿಕೊಂಡು ಇಳಿಜಾರಿನಲ್ಲಿ ಬರುವಾಗ ಕಾಲು ತೆಗೆದರೂ ಎಂಜಿನ್ ಗಾಡಿಯನ್ನು ಹಿಡಿಯುವುದಿಲ್ಲ, ಮುಂದಕ್ಕೆ ತಳ್ಳುತ್ತದೆ. ಎದುರಿಗೆ ಶಾಲೆ ಬಿಟ್ಟು ಬರುವ ಮಕ್ಕಳಿದ್ದರೆ ಏನಾಗಬಹುದು ಅಂತ ಯೋಚನೆ ಮಾಡಿ.

ಮೇಸ್ತ್ರಿ ಕೇಳಿದ ಪ್ರಶ್ನೆಗಳು

ನಾಲ್ಕನೇ ಸಲ ಗಾಡಿ ಹೋಗಿದ್ದು ಊರ ಹೊರಗಿನ ಹುಣಸೇಮರದ ಕೆಳಗೆ ಕೆಲಸ ಮಾಡುವ ಒಬ್ಬ ವಯಸ್ಸಾದ ಮೇಸ್ತ್ರಿ ಹತ್ತಿರ. ಆವತ್ತು ನಾವೂ ಜೊತೆಗಿದ್ದೆವು. ಅವರು ಸ್ಪ್ಯಾನರ್ ಮುಟ್ಟಲಿಲ್ಲ. ಬೀಡಿ ಆರಿಸಿ, ಬಾನೆಟ್ ಎತ್ತೋಕೂ ಮೊದಲು ಕೇಳಿದರು:

"ಯಜಮಾನ್ರೇ, ಬೆಳಿಗ್ಗೆ ಸ್ಟಾರ್ಟ್ ಮಾಡ್ದಾಗ ಹೆಂಗಿರ್ತದೆ?"

"ಬೆಳಿಗ್ಗೆ ಏನೂ ಇಲ್ಲ. ಕೋಲಾರ ಮುಟ್ಟೋ ಹೊತ್ತಿಗೆ ಶುರು ಹಚ್ಕೊಂತದೆ."

"ಒಂದೇ ಸಲಕ್ಕೆ ಏರ್ತದಾ, ಮೆಲ್ಲಗೆ ಏರ್ತದಾ?"

"ಎಕ್ಸಲೇಟರ್ ಬಿಟ್ರೆ ಪೂರ್ತಿ ಇಳಿಯಲ್ಲ. ಅರ್ಧಕ್ಕೆ ನಿಂತ್ಕೊಂತದೆ."

"ಪೆಡಲ್ ಕೆಳಗಿಂದ ಕಾಲಲ್ಲಿ ಎತ್ತಿದ್ರೆ?"

ಅಪ್ಪ ಒಂದು ಗಳಿಗೆ ಸುಮ್ಮನಿದ್ದರು. "ಹೌದು ಕಣಪ್ಪ, ಹಂಗೆ ಎತ್ತಿದ್ರೆ ಒಂದೊಂದ್ಸಲ ಇಳೀತದೆ."

ಕಾಯಿಲೆಯ ಅರ್ಧ ಅಲ್ಲೇ ಸಿಕ್ಕಿಬಿಟ್ಟಿತ್ತು. ಎಂಜಿನ್ ತಣ್ಣಗಿದ್ದಾಗ ಸ್ವಲ್ಪ ರೇಸ್ ಇದ್ದು, ಬಿಸಿಯಾದ ಮೇಲೆ ಇಳಿದರೆ ಚಿಂತೆ ಇಲ್ಲ. ಎಷ್ಟೋ ಪಂಪುಗಳಲ್ಲಿ ಚಳಿಯಲ್ಲಿ ಎಂಜಿನ್ ನಿಲ್ಲದಿರಲಿ ಅಂತ ಹಾಗೇ ಏರ್ಪಾಡು ಮಾಡಿರುತ್ತಾರೆ. ಬಿಸಿಯಾದ ಮೇಲೂ ಇಳಿಯದಿದ್ದರೆ ಆ ಏರ್ಪಾಡೇ ಸಿಕ್ಕಿಹಾಕಿಕೊಂಡಿರಬಹುದು. ಇಲ್ಲಿ ಎರಡೂ ಅಲ್ಲ, ಪೂರ್ತಿ ಉಲ್ಟಾ. ತಣ್ಣಗಿದ್ದಾಗ ಸರಿ, ಬಿಸಿಯಾದಾಗ ಜಾಸ್ತಿ. ಬಿಸಿಗೆ ಏನೋ ಅಂಟಿಕೊಳ್ಳುತ್ತಿದೆ ಅಂತ ಅರ್ಥ.

ಈ ಮಾತು ಅಪ್ಪನಿಗೆ ಮೊದಲಿಂದಲೂ ಗೊತ್ತಿತ್ತು. ಮೂರು ಗ್ಯಾರೇಜಿನಲ್ಲಿ ಯಾರೂ ಕೇಳಿರಲಿಲ್ಲ. ಅಪ್ಪನೂ ಹೇಳಿರಲಿಲ್ಲ. 'ಅವರಿಗೆ ಗೊತ್ತಿರಲ್ವಾ, ನಾನೇನು ಹೇಳೋದು' ಅಂತ ಸುಮ್ಮನಿದ್ದರಂತೆ.

ಬಾನೆಟ್ ಎತ್ತಿ ನೋಡುವ ಕ್ರಮ

ಆಮೇಲೆ ಮೇಸ್ತ್ರಿ ಮಾಡಿದ ಪರೀಕ್ಷೆ ಯಾರು ಬೇಕಾದರೂ ಮಾಡಬಹುದಾದದ್ದು. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಆಫ್ ಮಾಡಿ. ಕತ್ತಿನಲ್ಲಿ ಟವಲ್ ಇದ್ದರೆ ತೆಗೆದಿಡಿ. ಎಂಜಿನ್ ಆಫ್ ಇದ್ದರೂ ಈ ಅಭ್ಯಾಸ ಇಟ್ಟುಕೊಳ್ಳಿ, ಫ್ಯಾನ್ ಬೆಲ್ಟಿಗೆ ಸಿಕ್ಕಿದ ಟವಲ್ ಕತ್ತನ್ನೂ ಎಳೆಯುತ್ತದೆ.

ಒಬ್ಬರು ಒಳಗೆ ಕೂತು ಎಕ್ಸಲೇಟರ್ ಒತ್ತಿ ಬಿಡಲಿ. ಇನ್ನೊಬ್ಬರು ಪಂಪಿನ ಪಕ್ಕದ ಲಿವರ್ ನೋಡಲಿ. ಪೆಡಲಿನಿಂದ ಬಂದ ಕೇಬಲ್ ಸೇರುವುದು ಆ ಲಿವರ್‌ಗೆ. ಕಾಲು ಬಿಟ್ಟ ತಕ್ಷಣ ಲಿವರ್ ಟಕ್ ಅಂತ ವಾಪಸ್ ಬಂದು ಐಡಲ್ ಸ್ಕ್ರೂನ ತುದಿಗೆ ತಾಗಿ ಕೂರಬೇಕು. ತಾಗುತ್ತದಾ ಇಲ್ಲವಾ? ಉಳಿದ ಹುಡುಕಾಟವೆಲ್ಲ ಈ ಪ್ರಶ್ನೆಯ ಉತ್ತರದಿಂದ ಶುರುವಾಗುತ್ತದೆ.

ತಾಗುತ್ತಿಲ್ಲ ಅಂದರೆ ತೊಂದರೆ ಪಂಪಿನ ಹೊರಗಿದೆ. ಪಂಪ್ ಬಿಚ್ಚುವ ಮಾತೇ ಬೇಡ. ಪೆಡಲ್ ಕೆಳಗೆ ಮ್ಯಾಟು, ಮಣ್ಣು ಸಿಕ್ಕಿದೆಯಾ ನೋಡಿ. ಕೇಬಲ್ ತೀರಾ ಬಿಗಿಯಾಗಿದೆಯಾ ನೋಡಿ. ಕಾಲು ತೆಗೆದಾಗ ಅದರಲ್ಲಿ ಒಂದಿಷ್ಟು ಸಡಿಲ ಇರಬೇಕು. ಲಿವರ್ ಎಳೆಯುವ ಸ್ಪ್ರಿಂಗ್ ಇದೆಯಾ, ಅಥವಾ ಅದರ ಜಾಗದಲ್ಲಿ ಯಾರೋ ಸೈಕಲ್ ಟ್ಯೂಬಿನ ರಬ್ಬರ್ ಕಟ್ಟಿದ್ದಾರಾ? ನಗಬೇಡಿ, ನಮ್ಮ ಊರಲ್ಲೇ ಅಂಥ ಗಾಡಿ ಇದೆ. ಕೊನೆಗೆ ಕೇಬಲನ್ನು ಲಿವರಿನಿಂದ ಬಿಡಿಸಿ ನೋಡಿ. ಬಿಡಿಸಿದ ಮೇಲೆ ಲಿವರ್ ಸಲೀಸಾಗಿ ಓಡಾಡಿ ಸ್ಕ್ರೂಗೆ ತಾಗಿದರೆ ತಪ್ಪು ಕೇಬಲಿನದ್ದೋ ಪೆಡಲಿನದ್ದೋ. ಆಗಲೂ ತಾಗದಿದ್ದರೆ ಸ್ಪ್ರಿಂಗಿನದ್ದು, ಇಲ್ಲವೇ ಲಿವರಿನದ್ದು.

ನಮ್ಮ ಗಾಡಿಯಲ್ಲಿ ಕೇಬಲಿನ ಹೊರಗಿನ ಕವಚ ಬಿಸಿ ಪೈಪಿಗೆ ಒರಗಿ ಒಂದು ಕಡೆ ಕರಗಿತ್ತು. ತಣ್ಣಗಿದ್ದಾಗ ಒಳಗಿನ ತಂತಿ ಓಡಾಡುತ್ತಿತ್ತು. ಬಿಸಿಯಾದಾಗ ಕವಚ ಮೆತ್ತಗಾಗಿ ತಂತಿಯನ್ನು ಹಿಡಿದುಕೊಳ್ಳುತ್ತಿತ್ತು. ಪಂಪ್ ಬಿಚ್ಚಿ ಕಟ್ಟುವಾಗ ಕೇಬಲ್ ಸ್ವಲ್ಪ ಜರುಗಿದ್ದರಿಂದ ಒಂದು ವಾರ ಸರಿ ಇತ್ತು, ಅಷ್ಟೇ. ಹೊಸ ಕೇಬಲ್ ಹಾಕಿ, ಪೈಪಿಗೆ ತಾಗದ ಹಾಗೆ ಬೇರೆ ದಾರಿಯಲ್ಲಿ ತಂದು ಕ್ಲಿಪ್ ಹಾಕಿದರು.

ಲಿವರ್ ಸ್ಕ್ರೂಗೆ ತಾಗಿ ಕೂತಿದ್ದರೂ ರೇಸ್ ಇದ್ದರೆ ಹುಡುಕುವ ಜಾಗ ಬೇರೆ. ಹಿಂದೆ ಯಾರೋ ಸ್ಕ್ರೂ ತಿರುಗಿಸಿರಬಹುದು. ಎಸಿ ಇರುವ ಗಾಡಿಯಲ್ಲಿ ಎಸಿ ಹಾಕಿದಾಗ ಐಡಲ್ ಏರಿಸುವ ಡಬ್ಬಿ ಸಿಕ್ಕಿಕೊಂಡಿರಬಹುದು. ಚಳಿಗೆ ಅಂತ ಇರುವ ಏರ್ಪಾಡು ಬಿಟ್ಟುಕೊಡದೆ ಇರಬಹುದು. ಇವೆಲ್ಲ ನೋಡಿದ ಮೇಲೂ ಸಿಗದಿದ್ದರೆ ಆಗ ಪಂಪಿನ ಒಳಗಿನ ಗವರ್ನರ್ ಮೇಲೆ ಅನುಮಾನ ಪಡಬಹುದು. ನಮ್ಮ ಗಾಡಿಗೆ ಕೊನೇ ಮೆಟ್ಟಿಲನ್ನೇ ಮೊದಲು ಹತ್ತಿಸಿದ್ದರು.

ಇನ್ನೊಂದು ಮಾತು. ಏರಿಯೇ ನಿಲ್ಲುವುದು ಬೇರೆ, ಏರುತ್ತಾ ಇಳಿಯುತ್ತಾ ಉಯ್ಯಾಲೆ ಆಡುವುದು ಬೇರೆ. ಉಯ್ಯಾಲೆ ಆಡುತ್ತಿದ್ದರೆ ಡೀಸೆಲ್ ಪೈಪಿನಲ್ಲಿ ಏರ್ ಹಿಡಿದಿದೆಯಾ, ಫಿಲ್ಟರ್ ಕಟ್ಟಿದೆಯಾ ಅಂತ ಮೊದಲು ನೋಡಬೇಕು.

ಸ್ಕ್ರೂ ತಿರುಗಿಸಿ ಕೈ ತೊಳೆದುಕೊಳ್ಳಬೇಡಿ

ರೇಸ್ ಜಾಸ್ತಿ ಅಂದ ತಕ್ಷಣ ಐಡಲ್ ಸ್ಕ್ರೂ ತಿರುಗಿಸುವುದು ಜ್ವರ ಬಂದವನಿಗೆ ಥರ್ಮಾಮೀಟರ್ ಒಡೆದ ಹಾಗೆ. ಕೇಬಲ್ ಅಂಟಿಕೊಂಡಿರುವಾಗ ಸ್ಕ್ರೂ ಇಳಿಸಿದರೆ, ಕೇಬಲ್ ಬಿಟ್ಟುಕೊಂಡಾಗ ಎಂಜಿನ್ ಆಫ್ ಆಗುತ್ತದೆ. ನಮ್ಮ ಗಾಡಿ ಮನೆ ಮುಂದೆ ನಿಂತಿತು, ಪುಣ್ಯ. ತಿರುವಿನಲ್ಲಿ ಎಂಜಿನ್ ನಿಂತರೆ ಪವರ್ ಸ್ಟೇರಿಂಗ್ ಇರುವ ಗಾಡಿಯ ಸ್ಟೇರಿಂಗ್ ಬಿಗಿಯಾಗುತ್ತದೆ, ಒಂದೆರಡು ಸಲ ಒತ್ತಿದ ಮೇಲೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ.

ಪಂಪಿನ ಮೇಲೆ ಸೀಲ್ ಹಾಕಿದ ಬೇರೆ ಸ್ಕ್ರೂಗಳೂ ಇರುತ್ತವೆ. ಅವು ಎಂಜಿನ್ ಗರಿಷ್ಠ ಎಷ್ಟು ವೇಗಕ್ಕೆ ಹೋಗಬಹುದು, ಎಷ್ಟು ಡೀಸೆಲ್ ಕುಡಿಯಬಹುದು ಅಂತ ಕಟ್ಟಿಹಾಕುವಂಥವು. ಅವನ್ನು ಪಂಪ್ ಟೆಸ್ಟ್ ಮಾಡುವ ಮೆಷಿನ್ ಇಲ್ಲದೆ ಮುಟ್ಟುವ ಹಾಗಿಲ್ಲ. ಮುಟ್ಟುತ್ತೇನೆ ಅನ್ನುವವರಿಗೆ ಬಿಡಬೇಡಿ.

ಎಂಜಿನ್ ತನಗೆ ತಾನೇ ಏರುತ್ತಾ ಏರುತ್ತಾ ಹೋಗಿ, ನೀಲಿ ಬಿಳಿ ಹೊಗೆ ಉಗುಳುತ್ತಾ, ಕೀ ತೆಗೆದರೂ ನಿಲ್ಲದಿದ್ದರೆ ಅದು ಬರೀ ಐಡಲ್ ತೊಂದರೆ ಅಲ್ಲ. ಟರ್ಬೋದ ಸೀಲ್ ಹೋಗಿಯೋ, ಆಯಿಲ್ ಅಳತೆ ಮೀರಿ ತುಂಬಿಯೋ, ಎಂಜಿನ್ ತನ್ನ ಆಯಿಲನ್ನೇ ಎಳೆದುಕೊಂಡು ಸುಡುತ್ತಿರಬಹುದು. ಆಗ ಗಾಡಿಯನ್ನು ಟಾಪ್ ಗೇರಿಗೆ ಹಾಕಿ, ಬ್ರೇಕನ್ನು ಬಲವಾಗಿ ಒತ್ತಿ ಹಿಡಿದು, ಕ್ಲಚ್ ಬಿಟ್ಟು ಎಂಜಿನ್ ಕೂರಿಸಬೇಕು. ಗಾಡಿ ಮುಂದೆ ಯಾರೂ ಇರಬಾರದು. ಅದು ಆಗದಿದ್ದರೆ ಎಲ್ಲರೂ ದೂರ ಹೋಗಬೇಕು. ಗಾಳಿ ಎಳೆಯುವ ಬಾಯಿಗೆ ಕೈಯನ್ನಂತೂ ಅಡ್ಡ ಇಡಲೇಬೇಡಿ.

ಕೇಬಲ್ ಇಲ್ಲದ, ಪೆಡಲಿನಿಂದ ವೈರ್ ಹೋಗುವ ಗಾಡಿಗಳ ಕಥೆ ಬೇರೆ. ಪೆಡಲಿನ ಸೆನ್ಸರ್ ಕೊಡುವ ಲೆಕ್ಕ ತಾಳೆಯಾಗದಿದ್ದರೆ ಎಷ್ಟೋ ಗಾಡಿಗಳ ಕಂಪ್ಯೂಟರ್ ತಾನೇ ಐಡಲ್ ಏರಿಸಿ, ಮಿಕ್ಕ ಶಕ್ತಿ ಕಟ್ಟಿಹಾಕಿ, ಎಂಜಿನ್ ಲೈಟ್ ಹಚ್ಚುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಸೈಲೆನ್ಸರ್ ಕಡೆಯ ಫಿಲ್ಟರ್ ತನ್ನ ಮಸಿ ಸುಟ್ಟುಕೊಳ್ಳುವಾಗಲೂ ಐಡಲ್ ಸ್ವಲ್ಪ ಹೊತ್ತು ಏರಬಹುದು. ಅದು ರೋಗ ಅಲ್ಲ. ಸ್ಕ್ಯಾನರ್ ಹಾಕಿದರೆ ಕೋಡ್ ಬರುತ್ತದೆ. ಆದರೆ ಕೋಡ್ ತೋರಿಸುವುದು ಯಾವ ದಾರಿಯಲ್ಲಿ ತೊಂದರೆ ಇದೆ ಅಂತ ಮಾತ್ರ. ಆ ದಾರಿಯಲ್ಲಿ ಇಲಿ ಕಡಿದ ವೈರೂ ಇರಬಹುದು, ಸಡಿಲವಾದ ಸಾಕೆಟ್ಟೂ ಇರಬಹುದು. ಸೆನ್ಸರ್ ಕೊಳ್ಳುವ ಮೊದಲು ಅದನ್ನು ನೋಡುವ ಕಣ್ಣು ಇಲ್ಲೂ ಬೇಕು.

ಈಗ ನಮ್ಮ ತಪ್ಪಿನ ವಿಷಯ

ಮೇಸ್ತ್ರಿ ಕೆಲಸ ಮುಗಿಸಿದ ಮೇಲೆ ಅಪ್ಪ ಎಷ್ಟಾಯ್ತು ಅಂತ ಕೇಳಿದರು. "ಕೇಬಲ್ ನೀವೇ ತಂದ್ರಿ. ಹಾಕಿದ್ದಕ್ಕೆ ಒಂದು ನೂರು ಕೊಡಿ" ಅಂದರು. ಹುಡುಕಿದ್ದಕ್ಕೆ ಅಂತ ನಾವು ಕೇಳಿದ್ದಕ್ಕೆ, "ನೋಡಿದ್ದಕ್ಕೆಲ್ಲ ಯಾರು ಕೊಡ್ತಾರಪ್ಪ?" ಅಂತ ನಕ್ಕರು.

14,000 ರೂಪಾಯಿ ಯಾವ ಕೆಲಸಕ್ಕೆ ಹೋಯಿತೋ ಅದು ಬೇಕಿರಲೇ ಇಲ್ಲ. ಬೇಕಿದ್ದ ಕೆಲಸಕ್ಕೆ ಕೇಳಿದ್ದು 100 ರೂಪಾಯಿ. ಊರಿಗೆ ಬರುವ ದಾರಿಯಲ್ಲಿ ನಾವು ಮಾತಾಡಿದ್ದೆಲ್ಲ ಇದನ್ನೇ.

ಸುಮ್ಮನೆ ಯೋಚನೆ ಮಾಡಿ ನೋಡಿ. ಡಾಕ್ಟರ್ ನಾಡಿ ನೋಡಿ, ಪ್ರಶ್ನೆ ಕೇಳಿ, 'ಏನಿಲ್ಲ, ನೀರು ಜಾಸ್ತಿ ಕುಡಿ' ಅಂದರೆ ನಮಗೆ ಫೀಸು ಕೊಡೋಕೆ ಬೇಜಾರು. ಒಂದು ಸೂಜಿ ಚುಚ್ಚಿದರೆ ಸಮಾಧಾನ. ಟೊಮೆಟೊ ಎಲೆ ಮುದುರಿದರೆ ಎಲೆ ಕಿತ್ತುಕೊಂಡು ಔಷಧಿ ಅಂಗಡಿಗೆ ಓಡುತ್ತೇವೆ. ಅಂಗಡಿಯವನು ಸಲಹೆ ಬಿಟ್ಟಿ ಕೊಡುತ್ತಾನೆ, ಬಾಟಲಿಗೆ ದುಡ್ಡು ತಗೊಳ್ಳುತ್ತಾನೆ. ಬಾಟಲಿ ಬೇಡ ಅನ್ನುವ ಸಲಹೆ ಕೊಟ್ಟರೆ ಅವನ ಅಂಗಡಿ ನಡೆಯುವುದು ಹೇಗೆ? ಗ್ಯಾರೇಜೂ ಹಾಗೇ. ಬದಲಾಯಿಸಿದ ಪಾರ್ಟಿಗೆ ಮಾತ್ರ ಕೂಲಿ ಸಿಗುತ್ತದೆ ಅಂದರೆ ಪಾರ್ಟ್ ಬದಲಾಗುತ್ತಲೇ ಇರುತ್ತದೆ. ಮೆಕ್ಯಾನಿಕ್ ಮೋಸಗಾರನೇ ಆಗಬೇಕಿಲ್ಲ. ಅರ್ಧ ಗಂಟೆ ಕೂತು ಹುಡುಕಿದರೆ ಅವನಿಗೆ ಆ ಅರ್ಧ ಗಂಟೆ ನಷ್ಟ.

ಐಟಿಐನಲ್ಲಿ ಎರಡು ವರ್ಷ ಮೋಟಾರ್ ಮೆಕ್ಯಾನಿಕ್ ಓದಿ ಬಂದ ಹುಡುಗರು ನಮ್ಮ ಊರುಗಳಲ್ಲೇ ಇದ್ದಾರೆ. ಕ್ರಮವಾಗಿ ಹುಡುಕುವುದನ್ನು ಅವರು ಕಲಿತಿರುತ್ತಾರೆ. ಗ್ಯಾರೇಜಿಗೆ ಸೇರಿದ ಮೇಲೆ 'ಯಾಕೋ ಬಾನೆಟ್ ನೋಡ್ತಾ ನಿಂತಿದ್ದೀಯ, ಕೆಲಸ ಮಾಡು' ಅಂತ ಗದರಿಸಿಕೊಂಡು ಅದನ್ನು ಮರೆಯುತ್ತಾರೆ. ನೋಡುವುದು ನಮ್ಮ ಲೆಕ್ಕದಲ್ಲಿ ಕೆಲಸವೇ ಅಲ್ಲ.

'ನೋಡೋದಕ್ಕೂ ದುಡ್ಡು, ಆಮೇಲೆ ರಿಪೇರಿಗೂ ದುಡ್ಡು. ಬಡವರು ಎಲ್ಲಿಂದ ತರೋದು? ನೋಡಿಯೂ ಸಿಗದಿದ್ದರೆ?' ಅಂತ ನಮ್ಮ ಈ ಮಾತಿಗೆ ಕೆಲವರು ತಿರುಗಿ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ದುಡ್ಡು ಕಡಿಮೆ ಇರುವವರಿಗೇ ಬೇಡದ ರಿಪೇರಿ ಹೆಚ್ಚು ಹೊಡೆತ ಕೊಡುತ್ತದೆ ಅನ್ನುವುದು ನಮ್ಮ ಉತ್ತರ. ಹುಡುಕಿದವನಿಗೆ ಸಿಗದೆ ಹೋಗಬಹುದು, ನಿಜ. ಆದರೆ 'ಕೇಬಲ್ ಸರಿ ಇದೆ, ಸ್ಪ್ರಿಂಗ್ ಸರಿ ಇದೆ, ಲಿವರ್ ತಾಗ್ತಾ ಇದೆ' ಅಂತ ಅವನು ಹೇಳಿದರೂ ಅಷ್ಟು ಜಾಗ ಹುಡುಕುವುದು ಮುಂದಿನವನಿಗೆ ತಪ್ಪಿತು. ಆ ಮಾತಿಗೂ ಬೆಲೆ ಇದೆ. ದುಡ್ಡು ತಗೊಂಡು ಸರಿಯಾಗಿ ನೋಡದೆ ಇರುವವರೂ ಇರುತ್ತಾರೆ. ಅಂಥವರ ಹತ್ತಿರ ಎರಡನೇ ಸಲ ಹೋಗುವುದು ಬೇಡ.

ಮುಂದಿನ ಸಲ ಗಾಡಿ ಕೆಟ್ಟಾಗ ಇಷ್ಟು ಮಾಡಿ ನೋಡಿ. ಗ್ಯಾರೇಜಿಗೆ ಹೋಗುವ ಮೊದಲು, ತೊಂದರೆ ಯಾವಾಗ ಶುರುವಾಯಿತು, ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಅದಕ್ಕೂ ಮುಂಚೆ ಯಾವ ರಿಪೇರಿ ಮಾಡಿಸಿದ್ದಿರಿ ಅಂತ ಫೋನಿನಲ್ಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಸದ್ದಿನ ವಿಡಿಯೋ ಕೂಡ ತೆಗೆಯಿರಿ, ಯಾಕಂದರೆ ಮೆಕ್ಯಾನಿಕ್ ಮುಂದೆ ನಿಂತಾಗ ಗಾಡಿ ಸಾಧು ಆಗಿಬಿಡುತ್ತದೆ. ಅವರು ಕೇಳದಿದ್ದರೂ ಹೇಳಿ, ಗಾಡಿ ಓಡಿಸುವವರು ನೀವು. 'ಮೊದಲು ಏನಾಗಿದೆ ಅಂತ ಹುಡುಕಿ, ನೋಡಿದ ಕೂಲಿ ಇಷ್ಟು ಅಂತ ಹೇಳಿ ಕೊಡ್ತೀನಿ, ಆಮೇಲೆ ಪಾರ್ಟ್ ಮಾತು' ಅಂತ ಮೊದಲೇ ಒಪ್ಪಂದ ಮಾಡಿಕೊಳ್ಳಿ. ಪಾರ್ಟ್ ಬದಲಾಯಿಸಿದರೆ ಹಳೆಯದನ್ನು ವಾಪಸ್ ಕೇಳಿ, ಅದರಲ್ಲಿ ಏನು ಕೆಟ್ಟಿದೆ ಅಂತ ತೋರಿಸೋಕೆ ಹೇಳಿ.

ಮೇಸ್ತ್ರಿಗೆ ಅವತ್ತು ಅಪ್ಪ 500 ರೂಪಾಯಿ ಕೊಟ್ಟರು. ಅವರು ತಗೊಳ್ಳಲಿಲ್ಲ, 200 ಇಟ್ಟುಕೊಂಡು ಮಿಕ್ಕಿದ್ದು ಜೇಬಿಗೆ ತುರುಕಿದರು. ಈ ಸೀಸನ್ ಶುರುವಾಗುವ ಮೊದಲು ಅಪ್ಪ ಗಾಡಿಗೆ ಏನೂ ಆಗದೆ ಇದ್ದರೂ ಅವರ ಹತ್ತಿರ ತಗೊಂಡು ಹೋದರು. "ಏನಾಗಿದೆ?" ಅಂದರು ಮೇಸ್ತ್ರಿ. "ಏನೂ ಆಗಿಲ್ಲ. ಒಂದ್ಸಲ ನೋಡಿ. ನೋಡಿದ್ದಕ್ಕೆ ಎಷ್ಟು ಅಂತ ಮೊದಲೇ ಹೇಳಿ" ಅಂದರು ಅಪ್ಪ.

ಮೇಸ್ತ್ರಿಗೆ ರೇಟು ಹೇಳೋಕೆ ಬರಲಿಲ್ಲ. ಇಷ್ಟು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.